ಸೈಕಲ್ಲಿಗೆ ಹಾಕಿದ ಬೀಗ

ದೂರದ ಪ್ರವಾಸಕ್ಕೆಂದೇ ಅವಳು ಆ ಸೈಕಲ್ ಕೊಂಡಿದ್ದಳು. ಹಿಂದೆ ಎರಡು ಚೀಲ, ಮುಂದೆ ದೀಪ, ಸುರುಳಿ ಸುತ್ತಿದ ಡೇರೆ. ಎಲ್ಲಕ್ಕಿಂತ ಹೆಚ್ಚು ಯೋಚಿಸಿ ತಂದದ್ದು ಉದ್ದ ಸರಪಳಿಯ ಬೀಗ. ಊರ ಜನ ನಗುನಗುತ್ತ ನೋಡುತ್ತಿರುವಾಗ ಅದನ್ನು ಬಿಗಿಯಲು ಅವಳಿಗೆ ನಾಚಿಕೆಯಾಯಿತು. ಆದರೂ ಖಾನಾವಳಿಯ ಎದುರಿನ ಕಬ್ಬಿಣದ ಕಂಬಿಗಳಿಗೆ ಸೈಕಲ್ಲನ್ನು ಬಿಗಿದು, ಅದು ಕಾಣುವಂತೆ ಬಾಗಿಲ ಬಳಿಯೇ ಊಟಕ್ಕೆ ಕುಳಿತಳು.

ಎರಡನೆಯ ರೊಟ್ಟಿ ಮುರಿಯುವಷ್ಟರಲ್ಲಿ ಸೈಕಲ್ಲಿನ ಸುತ್ತ ಜನ ಸೇರಿದ್ದರು. ಪಕ್ಕದಲ್ಲಿ ನಿಂತಿದ್ದ ಜೀಪಿನ ಚಾಲಕ ಇಳಿದು ಬಂದು ಸರಪಳಿ ಜಗ್ಗಿದ.

"ಏಯ್, ಮುಟ್ಟಬೇಡಿ!" ಅವಳು ಕೂತಲ್ಲಿಂದಲೇ ಕೂಗಿದಳು. ಖಾನಾವಳಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಕೈಬಿಟ್ಟ.

"ಅವರೆಲ್ಲ ಯಾಕೆ ಇನ್ನೂ ಅಲ್ಲೇ ನಿಂತಿದ್ದಾರೆ?" ಎಂದು ಬಡಿಸುತ್ತಿದ್ದ ಹೆಂಗಸನ್ನು ಕೇಳಿದಳು.

"ನಿಮ್ಮ ಊಟ ಮುಗೀಲಿ ಅಂತ ಕಾಯಾಕತ್ತಾರ್ರಿ. ಪಲ್ಯ ಹಾಕ್ಲೇನ್ರಿ?"

"ನನ್ನ ಊಟಕ್ಕೂ ಅವರಿಗೂ ಏನು ಸಂಬಂಧ?"

"ಉಣ್ಣಾಕ ಕುಂತೋರನ್ನ ನಡುವ ಎಬ್ಬಿಸಬಾರದ್ರೀ. ಮೊದ್ಲ ಉಣ್ರಿ, ಆಮ್ಯಾಲ ಹೇಳ್ತೀನಿ."

ಎರಡು ಸಲ ಹಾರ್ನ್ ಹೊಡೆದು, ಜನ ತುಂಬಿದ್ದ ಜೀಪು ಹೊರಟುಹೋಯಿತು. ಆ ಚಾಲಕ ತೊಲಗಿದನೆಂಬ ಸಮಾಧಾನದಲ್ಲಿ ಅವಳು ಮಜ್ಜಿಗೆ ಅನ್ನವನ್ನೂ ಮುಗಿಸಿ, ಕೈತೊಳೆದು ರಸ್ತೆ ದಾಟಿದಳು. ಜನ ಸರಿದು ದಾರಿ ಬಿಟ್ಟರು.

ಕಂಬಿಗಳ ಆಚೆ ಕೈಚೀಲ ಹಿಡಿದು ನಿಂತಿದ್ದ ಮುದುಕಿ, ಹೆಜ್ಜೆ ಸಪ್ಪಳದ ಕಡೆ ಮುಖ ತಿರುಗಿಸಿ ಕೇಳಿದಳು: "ಹೊಟ್ಟಿ ತುಂಬ ಉಂಡ್ಯೇನವ್ವಾ? ಇನ್ನ ನಮ್ಮ ಗೇಟಿನ ಕೀಲಿ ತಗಿ. ಕಣ್ಣಿನ ಆಪರೇಶನ್ನಿಗೆ ಕರಕೊಂಡು ಹೋಗೋ ಜೀಪು ಹೋತು, ಇರ್ಲಿ, ಮುಂದಿನ ವರ್ಷ ಮತ್ತ ಬರ್ತೈತಿ."