ಐದು ಗಂಟೆಯ ಲಾಗಿನ್

ಬುಧವಾರವೂ ಬೆಳಗಿನ ಐದಕ್ಕೆ ಸರಿಯಾಗಿ ಯಾರೋ ಕಂಪನಿಯ ಕಂಪ್ಯೂಟರ್ ವ್ಯವಸ್ಥೆಯ ಒಳಗೆ ಬಂದು ಹೋಗಿದ್ದರು. ಖಾನಾಪುರದಿಂದ. ಪಾಸ್‌ವರ್ಡ್ ಜಿನಪಾಲರದು.

ಮಚ್ಛೆ ಊರಿನ ಆ ಔಷಧ ವಿತರಣಾ ಕಂಪನಿಯ ಸಾಫ್ಟ್‌ವೇರನ್ನು ಹತ್ತೊಂಬತ್ತು ವರ್ಷಗಳ ಹಿಂದೆ ಬರೆದವರು ಜಿನಪಾಲ. ನಿವೃತ್ತರಾಗಿ ಆರು ವರ್ಷ. ಎಲ್ಲವೂ ಒಂದೇ ಮುದ್ದೆಯಾಗಿದ್ದ ಆ ಪ್ರೋಗ್ರಾಮನ್ನು ಒಡೆದು, ಒಂದೊಂದು ಕೆಲಸಕ್ಕೂ ಒಂದೊಂದು ಸ್ವತಂತ್ರ ಪುಟ್ಟ ಪ್ರೋಗ್ರಾಮ್ ಮಾಡುವುದು ಈಗಿನ ಎಂಜಿನಿಯರ್ ಪ್ರಾಚಿಯ ಹೊಣೆ. ಆರ್ಡರ್ ಬೇರೆಯಾಯಿತು, ದಾಸ್ತಾನು ಬೇರೆಯಾಯಿತು. ಉಳಿದದ್ದು ಗಾಡಿಗಳ ದಾರಿ.

ಯಾವ ಗಾಡಿ ಯಾವ ಊರಿಗೆ, ಯಾವ ದಾರಿಯಲ್ಲಿ ಹೋಗಬೇಕೆಂಬ ಪಟ್ಟಿ ದಿನಾ ಐದೂವರೆಗೆ ಸಿದ್ಧವಿರುತ್ತಿತ್ತು. ಹಳ್ಳ ತುಂಬಿದ ದಿನ ದಾರಿ ತಾನಾಗಿ ಬದಲಾಗುತ್ತಿತ್ತು. ಅಷ್ಟು ಜಾಣ ಪ್ರೋಗ್ರಾಮ್. ಆದರೆ ಅದು ಹಳೆಯ ಕೋಡಿನಲ್ಲಿ ಎಲ್ಲೂ ಸಿಗಲಿಲ್ಲ.

“ಆ ಭಾಗ ಮುಟ್ಟಬ್ಯಾಡ್ರಿ,” ಎಂದು ಜಿನಪಾಲರು ಮೊದಲೇ ಫೋನ್ ಮಾಡಿದ್ದರು. ಯಾಕೆ ಎಂದರೆ ಹೇಳಿರಲಿಲ್ಲ.

ಪ್ರಾಚಿ ಆ ಬುಧವಾರವೇ ಅವರ ಪಾಸ್‌ವರ್ಡ್ ಬಂದ್ ಮಾಡಿದಳು.

ಗುರುವಾರ ಪಟ್ಟಿ ಬರಲಿಲ್ಲ. ಹನ್ನೊಂದು ಗಾಡಿಗಳು ಅಂಗಳದಲ್ಲೇ ನಿಂತವು. ಲೋಂಡಾದ ದವಾಖಾನೆಯಿಂದ ಇನ್ಸುಲಿನ್‌ಗಾಗಿ ಮೂರು ಸಲ ಫೋನ್ ಬಂತು.

“ನಮ್ಮ ಜುಟ್ಟು ಕೈಯಾಗ ಹಿಡ್ಕೊಂಡಾನ ಮುದುಕ,” ಎಂದ ಮ್ಯಾನೇಜರ್ ಪ್ರಸಾದ. “ಹೋಗಿ ಬಾಯಿ ಬಿಡಿಸಿ ಬಾ.”

ಖಾನಾಪುರದಲ್ಲಿ ಬಾಗಿಲು ತೆರೆದವರು ಜಿನಪಾಲರ ಹೆಂಡತಿ ರಾಜಮತಿ. ಪ್ರಾಚಿ ಹೆಸರು ಹೇಳುವ ಮೊದಲೇ ಕೇಳಿದರು: “ಲೋಂಡಾ ಗಾಡಿ ಇನ್ನೂ ಬಿಟ್ಟಿಲ್ಲ ಹೌದಲ್ರಿ?”

ಪ್ರಾಚಿಯ ಮೈ ಉರಿಯಿತು. ಗಂಡ ಹೆಂಡತಿ ಇಬ್ಬರೂ ಕೂಡಿಯೇ ಮಾಡಿದ್ದಾರೆ.

ಜಿನಪಾಲರು ಕುರ್ಚಿಯಿಂದ ಎದ್ದರು. “ಬರ್ರಿ, ಕುಂದರ್ರಿ. ಚಾ ತಗೊಳ್ರಿ.”

“ಚಾ ಬ್ಯಾಡ್ರಿ ಸರ್. ಆ ಪ್ರೋಗ್ರಾಮ್ ಎಲ್ಲಿ ಬಚ್ಚಿಟ್ಟೀರಿ?”

ಅವರು ಹೆಂಡತಿಯ ಮುಖ ನೋಡಿದರು.

“ಹೇಳಿಬಿಡ್ರಿ ಇನ್ನ,” ಎಂದು ರಾಜಮತಿ ಒಳಕೋಣೆಗೆ ಹೋದರು.

“ಬರೆದೇ ಇಲ್ಲವ್ವಾ ನಾ ಅದನ್ನ,” ಎಂದರು ಜಿನಪಾಲರು. ದನಿ ಸಣ್ಣದಾಗಿತ್ತು. “ಎರಡು ವಾರದಾಗ ಬರೀತೀನಿ ಅಂತ ಮಾಲೀಕರಿಗೆ ಮಾತು ಕೊಟ್ಟಿದ್ದೆ. ಖರೇ ಅಂದ್ರ, ನನ್ನ ಕೈಲೆ ಆಗಲಿಲ್ಲ. ಅಲ್ಲೀಮಟ ಕೈಲೇ ಪಟ್ಟಿ ಹಾಕೂಣು ಅಂತ ಶುರು ಆತು. ಆಮ್ಯಾಲ ಬಾಯಿ ಬಿಡಾಕ ನಾಚಿಕಿ.”

ಪ್ರಾಚಿ ಮೂರು ತಿಂಗಳಿಂದ ಹುಡುಕುತ್ತಿದ್ದ ಪ್ರೋಗ್ರಾಮ್ ಇರಲೇ ಇಲ್ಲ.

“ಹಂಗಾರ ದಿನಾ ಐದಕ್ಕ ನೀವ ಎದ್ದು…”

“ನಾನೆಲ್ಲಿ? ಈ ಕಾಡಿನ ದಾರಿ ನನಗೇನ್ ಗೊತ್ತವ್ವಾ?”

ಒಳಕೋಣೆಯಲ್ಲಿ, ಆ ಹಳ್ಳಿಗಳಲ್ಲೆಲ್ಲ ಮೂವತ್ತು ವರ್ಷ ಕಾಲ್ನಡಿಗೆಯಲ್ಲಿ ತಿರುಗಿ ಹೆರಿಗೆ ಮಾಡಿಸಿದ್ದ ನರ್ಸ್ ರಾಜಮತಿ ಕಂಪ್ಯೂಟರ್ ಮುಂದೆ ಕುಳಿತು ಕೂಗಿದರು: “ಮೊದ್ಲ ಆ ಪಾಸ್‌ವರ್ಡ್ ಚಾಲೂ ಮಾಡ್ರಿ ತಂಗಿ, ಲೋಂಡಾದಾಗ ಮಂದಿ ಕಾಯಾಕತ್ತಾರ.”