ತೇಗದ ಮಗ್ಗ

"ಉಳಿ ತಾಗಿಸಿದ್ರೆ ಕೈ ಮುರೀತೀನಿ," ಎಂದಳು ಬನಶಂಕರಿ.

ಹಳೇ ಮರದ ವ್ಯಾಪಾರಿ ಉಗ್ರಪ್ಪ ಚಾಚಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಹಿಂದೂಪುರದ ಎಷ್ಟೋ ಮನೆಗಳಿಂದ ಕೈಮಗ್ಗ ಬಿಚ್ಚಿಸಿಕೊಂಡು ಹೋದ ಆಸಾಮಿ ಅವನು. ಅತ್ತವರನ್ನು ಕಂಡಿದ್ದ, ಚೌಕಾಸಿಗೆ ನಿಂತವರನ್ನೂ ಕಂಡಿದ್ದ. ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಬಟ್ಟೆ ಸುತ್ತುವ ದಿಂಡನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬೆದರಿಸುವ ಹೆಂಗಸನ್ನು ಕಂಡದ್ದು ಇದೇ ಮೊದಲು.

"ಅಮ್ಮಾ, ಇದ್ರಾಗೆ ನೇಯ್ದು ಎಷ್ಟು ಕಾಲ ಆಯ್ತು?" ಎಂದ ಮಗ ಉಮಾಶಂಕರ್. ವ್ಯಾಪಾರಿಯನ್ನು ಕರೆತಂದವನು ಅವನೇ. "ಈ ಜಾಗದಾಗೆ ಪವರ್‌ಲೂಮ್ ಕೂರಿಸ್ಬೋದು. ಉಗ್ರಪ್ಪ ಬರೀ ಮರ ನೋಡಕ್ಕೆ ಬಂದವ್ನೆ."

"ಕಣ್ಣಾಗೆ ನೋಡ್ಲಿ. ಕೆರೆಯೋದ್ಯಾಕೆ?"

"ಕೆರೀದೆ ಹೆಂಗೆ ಗೊತ್ತಾಗ್ತದಮ್ಮಾ?" ಎಂದ ಉಗ್ರಪ್ಪ. "ಎಣ್ಣೆ ಕುಡ್ದು ಕುಡ್ದು ಎಲ್ಲಾ ಮರಾನೂ ಒಂದೇ ಬಣ್ಣ ಆಗ್ಬುಟ್ಟಿರ್ತವೆ. ತೇಗ ಆದ್ರೆ ಒಳಗೆ ಜೇನಿನ ಬಣ್ಣ, ಮೂಸಿದ್ರೆ ಚರ್ಮದ ವಾಸ್ನೆ."

ಗೋಡೆಗೊರಗಿ ಕೂತಿದ್ದ ಕೇಶವಯ್ಯನಿಗೆ ರೇಗಿತು. "ಏಮಯ್ಯಾ, ನಮ್ಮ ತಾತ ಗಾಡಿ ಕಟ್ಕೊಂಡೋಗಿ ತಂದ ತೇಗ ಕಣಯ್ಯ ಇದು. ಮಾರಾಕಿಲ್ಲ. ಎದ್ದು ಹೋಗು."

ಅಪ್ಪ ಅಮ್ಮ ಒಂದೇ ಮಾತಾಡುವುದನ್ನು ಕೇಳಿ ಉಮಾಶಂಕರ್ ಬೆಪ್ಪಾದ. ತಂಗಿ ಕೀರ್ತನಾ ಮನೆ ಬಿಟ್ಟ ಮೇಲೆ ಅವರಿಬ್ಬರ ನಡುವೆ ಊಟಕ್ಕೆ ಬಾ, ಬಾಗಿಲು ಹಾಕು ಅನ್ನುವಷ್ಟೇ ಮಾತು. ಗೊತ್ತಾಗಿದ್ದ ಸಂಬಂಧ ಒದ್ದು, ಬಡಗಿ ಕೆಲಸ ಕಲಿತು, ಕಲ್ಯಾಣದುರ್ಗದಲ್ಲಿ ಅಂಗಡಿ ಇಟ್ಟ ಹುಡುಗಿ ಅವಳು. ನೇಕಾರರ ಮನೆ ಹೆಣ್ಣು ಗರಗಸ ಹಿಡಿಯುವುದೇ ಅಂತ ಕೇಶವಯ್ಯ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದ. ಅವಳಿಗೆ ಒಂದು ಕಡ್ಡಿ ಕೊಟ್ಟವರೂ ಈ ಮನೆಯಲ್ಲಿ ಇರಕೂಡದು ಅಂದಿದ್ದ.

ಬನಶಂಕರಿ ಕಡ್ಡಿ ಕೊಟ್ಟಿರಲಿಲ್ಲ. ದಿಂಡನ್ನೇ ಕೊಟ್ಟಿದ್ದಳು.

ಒಂದು ಬೇಸಿಗೆಯಲ್ಲಿ ಮಗಳು ಫೋನಿನಲ್ಲಿ ಅತ್ತಿದ್ದಳು. "ಅಮ್ಮಾ, ನಂಗೆ ಬರೀ ಹಸಿ ಮರ ಕೊಡ್ತಾರೆ. ಮಾಡ್ಕೊಟ್ಟ ಬಾಗ್ಲು ಬಿಸಿಲಿಗೆ ತಿರುಚ್ಕೊಂಡು ವಾಪಸ್ ಬತ್ತವೆ. ಹುಡುಗಿ ಕೈಕೆಲ್ಸ ಇಷ್ಟೇ ಅಂತ ನಗ್ತಾರೆ." ಬನಶಂಕರಿ ಫೋನಿಟ್ಟು ಮಗ್ಗದ ಕಡೆ ನೋಡಿದಳು. ಮನೆಯೊಳಗೆ ತೇಗ ಸುಮ್ಮನೆ ಬಿದ್ದಿದೆ. ಕಾಣಬೇಕಾದ ಬಿಸಿಲು, ಚಳಿ ಎಲ್ಲ ಕಂಡು ಮುಗಿಸಿದ ಮರ, ಇನ್ನು ತಿರುಚುವ ಮಾತೇ ಇಲ್ಲ. ಗಂಡ ನೂಲಿನ ನೆಪದಲ್ಲಿ ಪೆನುಕೊಂಡಕ್ಕೆ ಹೋದ ದಿನ ಬಡಗಿ ಈರಲಿಂಗಪ್ಪನನ್ನು ಕರೆಸಿದಳು. ದಿಂಡು ಬಿಚ್ಚಿಸಿ ಅಷ್ಟೇ ದಪ್ಪದ ಬೇವು ಕೂರಿಸಿದಳು. ಬೇವಿಗೆ ಹುಳ ಬೀಳದು. ಹರಳೆಣ್ಣೆ, ಮಸಿ ತಿಕ್ಕಿದ ಮೇಲೆ ಬ್ರಹ್ಮ ಬಂದರೂ ಗುರುತು ಹಿಡಿಯುವಂತಿರಲಿಲ್ಲ. ಆಮೇಲೆ ಮೇಲಿನ ಅಡ್ಡಪಟ್ಟಿಯೂ ಕಲ್ಯಾಣದುರ್ಗದ ಹಾದಿ ಹಿಡಿಯಿತು.

"ಮಗ್ಗದ ನಾಲ್ಕು ಕಂಬ ಹಂಗೇ ಇರ್ಲಿ. ಮನೆಗೆ ಅಷ್ಟಾದ್ರೂ ತೇಗ ಬೇಕು," ಅಂತ ಬನಶಂಕರಿ ಅಂದಾಗ ಈರಲಿಂಗಪ್ಪ ಸುಮ್ಮನೆ ಕೆಮ್ಮಿದ್ದ.

ತಪ್ಪು ಮಾಡಿದೆ ಅಂತ ಅವಳಿಗೆ ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ಗಂಡನಿಗೆ ಗೊತ್ತಾದರೆ ಮಾತ್ರ ಹೊಸಿಲು ದಾಟಬೇಕು, ಅಷ್ಟೇ ಭಯ. ಈಗಲೂ ಆ ಮನುಷ್ಯನಿಗೆ ಹೆಂಡತಿಯ ಮುಖ ಕಂಡರಾಗದು. ರೊದ್ದಂ ಊರಿನ ತವರಿಗೆ ಹೊರಟರೆ ಇನ್ನೆರಡು ದಿನ ಇದ್ದು ಬಾ ಅನ್ನುತ್ತಾನೆ. ನೆನೆದಾಗಲೆಲ್ಲ ಅವಳಿಗೆ ಮೈ ಉರಿಯುತ್ತದೆ.

ಉಗ್ರಪ್ಪ ಇನ್ನೂ ಅಲ್ಲೇ ಕೂತಿದ್ದ. ಉಮಾಶಂಕರ್ ಹಟ ಬಿಡುವ ಹಾಗಿರಲಿಲ್ಲ. ಬನಶಂಕರಿ ಲೆಕ್ಕ ಹಾಕಿದಳು.

"ನೋಡ್ಲೇಬೇಕು ಅಂದ್ರೆ ಕಂಬ ಕೆರ್ಕೋ," ಎಂದಳು. "ದಿಂಡು ಮುಟ್ಬೇಡ."

ಕೇಶವಯ್ಯ ಧಡಕ್ಕನೆ ಎದ್ದ. "ಕಂಬ ಬ್ಯಾಡ. ಕಂಬ ಅಳ್ಳಾಡಿದ್ರೆ ಮಗ್ಗಾನೇ ಕೂತ್ಬುಡ್ತದೆ. ದಿಂಡು ಕೆರಿ."

"ದಿಂಡು ಬ್ಯಾಡ ಅಂದ್ನಲ್ಲಾ."

"ನಂದು ಕಣೇ ಮಗ್ಗ."

ಉಗ್ರಪ್ಪ ಇಬ್ಬರ ಮುಖವನ್ನೂ ನೋಡಿ, ಮನೆ ಯಜಮಾನನ ಮಾತು ಹಿಡಿದ. ಅವಳ ಕೈ ಸರಿಯುವ ಮೊದಲೇ ದಿಂಡಿನ ತುದಿಗೆ ಉಳಿ ಇಟ್ಟ. ಕೆಂಪು ಸಿಪ್ಪೆ ಎದ್ದಿತು. ಮೂಸಿದ, ನಾಲಿಗೆಗೆ ತಾಗಿಸಿ ಉಗಿದ.

"ಇದಿ ಟೇಕು ಕಾದು," ಎಂದ ತೆಲುಗಿನಲ್ಲಿ. "ತೇಗ ಅಲ್ಲ, ಬೇವು."

ಉಮಾಶಂಕರ್ ಬಾಯಿ ತೆರೆದ. ಕೇಶವಯ್ಯನ ಮುಖ ಬಿಳಿಚಿಕೊಂಡಿತು. ಬನಶಂಕರಿ ಗುಂಡಿಯಿಂದ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಎದುರಿಗೇ ನಿಂತಳು. ಇಷ್ಟು ದಿನದ ಭಯ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ನಾನೇ ಬಿಚ್ಚಿಸ್ದೆ. ನಾನೇ ಕಳಿಸ್ದೆ. ನನ್ನ ಮಗಳ ಕೆಲ್ಸಕ್ಕೆ ಈ ಮನೆ ಮರ ಆಗ್ದೆ ಇನ್ಯಾರ ಮನೆ ಮರ ಆಗ್ಬೇಕು? ಹೊರಗೆ ನಡಿ ಅಂದ್ರೆ ಈಗ್ಲೇ ಹೋಯ್ತೀನಿ, ಅವಳತ್ರಾನೇ ಇರ್ತೀನಿ. ಆದ್ರೆ ನಿಮ್ಮ ತಾತನ ಕಂಬ ನಾನು ಮುಟ್ಟಿಲ್ಲ. ನಾಲ್ಕೂ ತೇಗ ಹಂಗೇ ಅದಾವೆ, ನೋಡ್ಕೋ."

ಉಗ್ರಪ್ಪ ಹತ್ತಿರದ ಕಂಬಕ್ಕೆ ಉಳಿ ಕೊಟ್ಟ. ಉಳಿ ಒಳಗೆ ಇಳಿಯಲಿಲ್ಲ, ಪುಟಿಯಿತು. ಇನ್ನೊಂದಕ್ಕೆ ಕೊಟ್ಟ. ಅದೂ ಹಾಗೇ. ಅವನು ಉಳಿಯನ್ನು ಚೀಲಕ್ಕೆ ಹಾಕಿಕೊಂಡು, "ಜಾಲಿ ಕಣಮ್ಮ, ಗಾಡಿ ಚಕ್ರಕ್ಕೆ ಹಾಕೋದು," ಎಂದು ಎದ್ದುಬಿಟ್ಟ.

"ಕಂಬ ಕಳಿಸಿದ್ಮೇಲೆ ಭಾರ ತಡೀಲಿ ಅಂತ ನಾನೇ ಜಾಲಿ ಹಾಕಿಸ್ದೆ ಕಣೇ," ಎಂದ ಕೇಶವಯ್ಯ ತಲೆ ಎತ್ತದೆ, "ದಿಂಡು ನೀನು ಕಳಿಸಿದ್ದು ಮಾತ್ರ ಕೀರ್ತನಾ ನಂಗೆ ಹೇಳ್ಲೇ ಇಲ್ಲ."