ಬಾವುಟದ ದಿನ ಅಪ್ಪ ಎಲ್ಲಿದ್ದರು

ಬಿಸಿ ಹರಳೆಣ್ಣೆಯ ವಾಸನೆ ಬಂದರೆ ಈಗಲೂ ಗುತ್ತಲಿನ ನಮ್ಮ ಜಗಲಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಆಗ್ಗೆ ಕೆಲವು ವರ್ಷಗಳ ಹಿಂದೆ ಮದ್ದೂರಿನ ಕಡೆ ಸರ್ಕಾರದ ನಿಷೇಧ ಮೀರಿ ಬಾವುಟ ಹಾರಿಸಿದ ದಿನ ಏನಾಯಿತೆಂದು ಮನೆಯ ಹಿರಿಯರನ್ನು ಕೇಳಿ ಬರೆಯಲು ಮೇಷ್ಟ್ರು ಹೇಳಿದ್ದರು. ಅಜ್ಜಿ ಅಪ್ಪನ ಮಂಡಿಗೆ ಎಣ್ಣೆ ನೀವುತ್ತಿದ್ದಳು.

“ಅವತ್ತು ನಾನು ಬಂಡೂರಿಗೆ ಕುರಿ ತರಕ್ಕೆ ಓಗಿದ್ದೆ. ಅಂಗೇ ಬರ್ಕೊ,” ಎಂದು ಅಪ್ಪ ಬೀದಿಯತ್ತ ನೋಡಿದರು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು.

“ಕುರಿ ತರಕ್ಕೋದೋನ್ಗೆ ಲಾಠಿ ಏಟು ಎಂಗ್ಲಾ ಬಿತ್ತು?” ಎಂದಳು ಅಜ್ಜಿ. ನನ್ನತ್ತ ತಿರುಗಿ, “ಎಷ್ಟು ಒಡುದ್ರೂ ನಿಮ್ಮಪ್ಪ ಬಾವುಟ ಬುಡ್ನಿಲ್ಲ ಕಣವ್ವ. ಅದ್ನ ಬರಿ,” ಎಂದಳು.

“ಸುಮ್ಕಿರವ್ವ. ಗೊತ್ತಾದ್ರೆ ಕೆಲ್ಸ ಓಯ್ತದೆ,” ಎಂದರು ಅಪ್ಪ.

ಇಬ್ಬರ ಮುಖವನ್ನೂ ನೋಡಿ ನೋಡಿ ಕೊನೆಗೆ ಅಪ್ಪ ಹೇಳಿದ್ದನ್ನೇ ಬರೆದೆ. ಓದಲು ಬಾರದ ಅಜ್ಜಿ, “ಏನ್ ಬರ್ದೆ, ಓದವ್ವ,” ಎಂದಳು.

ಕುರಿ ತರಲು ಹೋದರೆಂದು ಬರೆದ ಸಾಲುಗಳ ಮೇಲೆ ಬೆರಳಿಟ್ಟುಕೊಂಡು ನಾನು ಅಜ್ಜಿಯ ಮಾತುಗಳನ್ನೇ ಓದಿದೆ. ಪಕ್ಕದಲ್ಲೇ ಇದ್ದ ಅಪ್ಪನಿಗೆ ಪುಸ್ತಕದಲ್ಲಿ ಬರೆದದ್ದು ಕಾಣುತ್ತಿತ್ತು. ಅವರು ತಡೆಯಲಿಲ್ಲ. ಕೊನೆಯವರೆಗೂ ಕೇಳಿ, “ಇನ್ನೊಂದ್ ಸಲ ಓದು ಮಗ,” ಎಂದರು.